ಮುಂಗೋಪಿ ಅಂದರೆ ಯಾರು?

"ನನ್ನ ಮಗಳಿಗೆ ನನ್ನ ಅರ್ಥ ಹೇಳಿಕೊಟ್ಟ ಟೀಚರ್ ಯಾರ್ರೀ?"

ಮೊನ್ನೆ ಗುರುವಾರ ಕುಪ್ಪಗಡ್ಡೆ ಹತ್ತಿರದ ನಮ್ಮ ಶಾಲೆಯ ಬಾಗಿಲಲ್ಲಿ ಒಬ್ಬರು ಹೀಗೆ ಗುಡುಗಿದರು. ಟೀಚರ್ ನಾನೇ. ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. (ಗದ್ದೆಯಿಂದ ನೇರ ಬಂದಿದ್ದರು. ಕೈಯಲ್ಲಿ ಕುಡುಗೋಲಿತ್ತು.)

ನಾನು ಶಿಕಾರಿಪುರದವಳು. ಈ ವರ್ಷ ಸೊರಬದ ಕಡೆಗೆ ವರ್ಗವಾಗಿ ಎರಡನೇ ಕ್ಲಾಸು ಸಿಕ್ಕಿತು. ಪಾಠದ ಕೊನೆಯ 'ಕಠಿಣ ಪದ'ಗಳನ್ನು ಮಕ್ಕಳು ರಾಗವಾಗಿ ಕೂಗುತ್ತಿದ್ದರು. "ಅರಸ ಅಂದ್ರೆ ದೊರೆ!" ಸರಿ, ದೊರೆ ಅಂದ್ರೆ? "ಅರಸ, ಟೀಚರ್!" ಗಾಣದ ಎತ್ತು ವಾಸಿ, ಸುತ್ತಿದ್ದಕ್ಕೆ ಎಣ್ಣೆಯಾದರೂ ಬರುತ್ತದೆ.

ಮಕ್ಕಳನ್ನು ಬೈದು ಏನು ಫಲ? ಆಣೆಯ ಲೆಕ್ಕ ಹೋಗಿ ಹೊಸದಾಗಿ ಬಂದ 'ನಯಾಪೈಸೆ' ಎಂಬ ಒಂದೇ ಪದ ಕಲಿಯಲು ನಾವು ದೊಡ್ಡವರು ಇನ್ನೂ ತಿಣುಕುತ್ತಿಲ್ಲವೇ?

ಅದಕ್ಕೇ ಒಂದು ಆಟ ಹೂಡಿದೆ. ದಿನಕ್ಕೊಬ್ಬರು ಮನೆಯಿಂದ ಒಂದು ಪದ ತರಬೇಕು. ಅರ್ಥ ಹೇಳುವಂತಿಲ್ಲ, ಮಾಡಿ ತೋರಿಸಬೇಕು. ಉಳಿದವರು ಕಂಡುಹಿಡಿದರೆ, ತಂದವರಿಗೆ ಅವತ್ತು ಬೆಲ್ ಹೊಡೆಯುವ ಅಧಿಕಾರ.

ಅಬ್ಬಾ! ಬೆಲ್ಲಿನ ಆಸೆಗೆ ಮಕ್ಕಳು ಅಜ್ಜಿಯರನ್ನು ಹಿಂಡಿ ಹಿಪ್ಪೆ ಮಾಡಿದರು. ಒಬ್ಬ 'ತಕರಾರು' ತಂದು ಪಕ್ಕದವನ ಸ್ಲೇಟು ಕಿತ್ತುಕೊಂಡ. ಅರ್ಥ ಎಲ್ಲರಿಗೂ ತಿಳಿಯಿತು. ಬಿಡಿಸುವಷ್ಟರಲ್ಲಿ ನನ್ನ ಸೆರಗು ಹರಿಯಿತು.

ಬುಧವಾರ ಗೌರಿಯ ಸರದಿ. ಅಜ್ಜಿ ಕೊಟ್ಟ ಪದ 'ಮುಂಗೋಪಿ'. ಪುಟ್ಟ ಹುಡುಗಿ ಹೆಗಲಿಗೆ ಟವಲ್ ಹಾಕಿ, ಕಣ್ಣು ಕೆಂಪು ಮಾಡಿ, "ಸಾರಿಗೆ ಉಪ್ಪೇ ಹಾಕಿಲ್ವೇನೇ?" ಎಂದು ಅಬ್ಬರಿಸಿ ಇಲ್ಲದ ತಟ್ಟೆಯನ್ನು ತಳ್ಳಿದಳು. ಆಮೇಲೆ ಬೆರಳದ್ದಿ ನೆಕ್ಕಿ, ಮೆಲ್ಲಗೆ, "ಓ, ಹಾಕಿದೀಯ" ಅಂದಳು.

ಇಡೀ ಕ್ಲಾಸು ಒಕ್ಕೊರಲಿನಲ್ಲಿ, "ಗೌರಿ ಅಪ್ಪ!"

ನಾನು ತಿದ್ದಬೇಕಿತ್ತು. ನಗು ಬಿಡಲಿಲ್ಲ. ಸಂಜೆಯೊಳಗೆ ಊರಿಗೂ ನಗು ಹರಡಿತು. ಗುರುವಾರ ಗೌರಿಯ ಅಪ್ಪ ಬಸಪ್ಪ ಬಾಗಿಲಿಗೆ ಬಂದರು.

"ಊರೆಲ್ಲ ನಗ್ತಾ ಐತೆ! ನಾನು ಮುಂಗೋಪೀನೇನ್ರೀ? ನಾಳೆಯಿಂದ ಇವಳು ಶಾಲೆಗೆ ಬರಾದು ಬ್ಯಾಡ!"

ಕಲಿಯಲು ಕುಣಿದು ಬರುವ ಹುಡುಗಿಯನ್ನು ನನ್ನ ಆಟವೇ ಮನೆಗೆ ಕಳಿಸಿತಲ್ಲ!

ಗೌರಿ ಮೂಗೊರೆಸಿಕೊಂಡು ಎದ್ದಳು. "ಅಪ್ಪಾ, ನಂಗೆ ಬೆಲ್ ಸಿಕ್ತು. ಎಲ್ರೂ ಒಂದೇ ಸಲಕ್ಕೆ ಕಂಡುಹಿಡಿದ್ರು."

"ಒಂದೇ ಸಲಕ್ಕಾ?"

"ಹೂಂ."

"ಯಾರೂ ತಪ್ಪು ಹೇಳ್ಲಿಲ್ವಾ?"

"ಇಲ್ಲಪ್ಪ."

ಬಸಪ್ಪ ಮಕ್ಕಳ ಮುಖಗಳನ್ನು ನೋಡಿದರು. ಮೀಸೆ ಅಲುಗಿತು. ಆಮೇಲೆ ಹೊಟ್ಟೆಯೂ ಅಲುಗಿತು. ನಗುತ್ತಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ನಾನು ಧೈರ್ಯ ಮಾಡಿ, "ಮುಂದಿನ ಪದ ನೀವೇ ಕೊಟ್ಟು ಕಳಿಸಿ" ಅಂದೆ.

ಶುಕ್ರವಾರ ಗೌರಿ ಅಪ್ಪನ ಪದದೊಂದಿಗೆ ಬಂದಳು. 'ಶಾಂತಮೂರ್ತಿ'!

"ಮಾಡಿ ತೋರಿಸಮ್ಮ."

ಹುಡುಗಿ ತಲೆ ಕೆರೆದುಕೊಂಡಳು. "ಅಪ್ಪ ತೋರಿಸಕ್ಕೆ ಶುರು ಮಾಡಿದ್ರು ಟೀಚರ್. ಅಷ್ಟರಲ್ಲಿ ಎಮ್ಮೆ ಒದೀತು."

ಪದಗಳನ್ನೇನೋ ಶಾಲೆಯಲ್ಲಿ ಕಲಿಸಬಹುದು, ಮನೆಯಲ್ಲಿ ಉದಾಹರಣೆಯಾಗಿ ನಿಲ್ಲುವವರು ಯಾರು ಸ್ವಾಮಿ?