ಆರನೇ ಕ್ಲಾಸಿಗೆ ಹೂ ಕೇಳಿದ್ದು

ಪಾಂಡವಪುರದ ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಮಾತ್ರ. ಮಗಳು ಅದನ್ನು ಮುಗಿಸಿದ್ದಳು. ಕಾನ್ವೆಂಟು ನಮ್ಮ ಕೈಗೆಟುಕುವುದಲ್ಲ. ಉಳಿದದ್ದು ಎರಡು ಸರ್ಕಾರಿ ಶಾಲೆ. ಒಂದು ಸಂತೆಮಾಳದ ಪಕ್ಕ, ನಡೆದೇ ಹೋಗಬಹುದು. ಇನ್ನೊಂದು ಚಿನಕುರಳಿ ರಸ್ತೆಯಲ್ಲಿ, ಬಸ್ಸು ಹತ್ತಬೇಕು. ಈ ಎರಡರಲ್ಲಿ ಒಂದನ್ನು ಆರಿಸಲಾಗದೆ ನಾವು ಮೂವರು ದೊಡ್ಡವರು ಬೇಸಿಗೆ ರಜವನ್ನೆಲ್ಲ ಕಿತ್ತಾಡಿಯೇ ಕಳೆದೆವು.

ರಜಕ್ಕೆ ಮುಂಚೆಯೇ ಎರಡೂ ಕಡೆ ಹೋಗಿ ನೋಡಿಕೊಂಡು ಬಂದಿದ್ದೆವು. ನನ್ನ ಗಂಡ ಕಂಪ್ಯೂಟರು ನೋಡಿದರು. ಎರಡೂ ಕಡೆ ಅದಕ್ಕೆ ಬಟ್ಟೆ ಹೊದಿಸಿತ್ತು, ಇದೆಯಲ್ಲ ಅಂತ ಸಮಾಧಾನಪಟ್ಟರು. ಅತ್ತೆ ಬಿಸಿಯೂಟದ ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಸಂತೆಮಾಳದ್ದೇ ವಾಸಿ ಎಂದರು. ನಾನು ಇಂಗ್ಲಿಷ್ ಮೇಷ್ಟ್ರುಗಳನ್ನು ಮಾತಾಡಿಸಿ ನೋಡಿದೆ. ಚಿನಕುರಳಿ ರಸ್ತೆಯವರೇ ಪರವಾಗಿಲ್ಲ ಅನ್ನಿಸಿತು. ಅತ್ತೆಗೂ ನನಗೂ ಒಂದೇ ಅಭಿಪ್ರಾಯ ಬಂದದ್ದು ಯಾವತ್ತು?

ಕೊನೆಗೆ ಊರಮ್ಮನ ಗುಡಿಗೆ ಹೋಗಿ ಹೂ ಕೇಳೋಣ ಎಂದಾಯಿತು. ನಮ್ಮ ಕಡೆ ಮದುವೆ, ಸೈಟು, ಬೋರ್‌ವೆಲ್ಲು ಎಲ್ಲದಕ್ಕೂ ಅಮ್ಮನನ್ನು ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ನನ್ನ ಗಂಡ ಮಹಾ ಬುದ್ಧಿವಂತರ ಹಾಗೆ, ಬಲಕ್ಕೆ ಬಿದ್ದರೆ ಸಂತೆಮಾಳ, ಎಡಕ್ಕೆ ಬಿದ್ದರೆ ಚಿನಕುರಳಿ ರಸ್ತೆ ಎಂದು ಕೈಮುಗಿದು ನಿಂತರು. ಹೂ ಬಿತ್ತು.

"ಬಲಕ್ಕೆ ಬಿತ್ತು. ಸಂತೆಮಾಳವೇ," ಎಂದರು ಗಂಡ.

"ಅಮ್ಮನ ಬಲಕ್ಕಲ್ಲ, ನಿಮ್ಮ ಬಲಕ್ಕೆ ಬಿದ್ದದ್ದು," ಎಂದೆ ನಾನು.

ಸಾರು ಮರೆತು ಅತ್ತೆ ನನ್ನ ಪರ ನಿಂತುಬಿಟ್ಟರು. "ಯಾರ ಬಲ ಲೆಕ್ಕ ಕಣ್ಲಾ? ನಿನ್ ಬಲವೇ ಲೆಕ್ಕ ಅಂದ್ರೆ ಒಳಕ್ಕೋಗಿ ನೀನೇ ಕೂತ್ಕೊ. ನಾವ್ ನಿಂಗೇ ಹಣ್ಣುಕಾಯಿ ಮಾಡುಸ್ತೀವಿ."

ಪೂಜಾರಪ್ಪನವರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ, "ಯಾರಾದ್ರೂ ಇಂಗೆ ಕೇಳ್ತಾರೇನ್ರಪ್ಪಾ? ಅಮ್ಮಂಗೂ ತಲೆ ಕೆಟ್ಟಿರ್ತದೆ, ಇನ್ನೊಂದ್ ಶುಕ್ರವಾರ ಬನ್ನಿ," ಎಂದರು.

ಆ ಜಗಳ ಊಟದ ಹೊತ್ತಿಗೂ ನಿಂತಿರಲಿಲ್ಲ. ಮುದ್ದೆ ಮುರಿಯುತ್ತಿದ್ದ ಮಗಳು ತಲೆಯೆತ್ತಿ, "ಎಲ್ಡು ಸ್ಕೂಲ್ನಲ್ಲೂ ಟಾಯ್ಲೆಟ್ಗೆ ಒಳಗಡೆ ಚಿಲಕ ಐತಾ?" ಎಂದಳು.

ನಾವು ಮೂವರಲ್ಲಿ ಯಾರೂ ಆ ಕಡೆ ತಲೆ ಹಾಕಿರಲಿಲ್ಲ.

"ಇಲ್ಲಿಗಂಟ ನನ್ ಫ್ರೆಂಡು ಬಾಗ್ಲು ಹಿಡ್ಕತಿದ್ಲು, ನಾನ್ ಅವಳಿಗೆ ಹಿಡ್ಕತಿದ್ದೆ. ಅವಳ್ನ ಮಂಡ್ಯಕ್ಕೆ ಹಾಕ್ತಾವ್ರೆ. ಇನ್ಮ್ಯಾಕೆ ಯಾರ್ ಹಿಡ್ಕತಾರೆ?"

ಅವಳ ವಯಸ್ಸಿನಲ್ಲಿ ನಾನೂ ಶಾಲೆ ಬಿಡುವ ತನಕ ಒಂದು ಗುಟುಕು ನೀರು ಕುಡಿಯದೆ ಕೂತಿರುತ್ತಿದ್ದೆ.

ಶಾಲೆ ಶುರುವಾದ ದಿನ ಅವಳನ್ನೇ ಮುಂದೆ ಬಿಟ್ಟುಕೊಂಡು ಹೊರಟೆವು. ಮೊದಲು ಸಂತೆಮಾಳದ ಶಾಲೆಯ ಹಿಂಭಾಗಕ್ಕೆ ಹೋದವಳು ವಾಪಸ್ ಬಂದು, ನಡೀರಿ ಎಂಬಂತೆ ಗೇಟಿನ ಕಡೆ ತಿರುಗಿದಳು. ಎರಡನೆಯದರಲ್ಲಿ ಹೆಡ್‌ಮೇಡಂ ನನ್ನ ಗಂಡನಿಗೆ ಕಂಪ್ಯೂಟರಿನ ಬಟ್ಟೆ ಸರಿಸಿ ತೋರಿಸುತ್ತಿದ್ದರು. ನಾನೂ ಅತ್ತೆಯೂ ಮಗಳ ಹಿಂದೆ ಹೋದೆವು. ಅವಳು ಒಳಗೆ ಹೋದ ಕೂಡಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಬಾಗಿಲು ಒತ್ತಿ ಹಿಡಿದರು.

ಒಳಗಿಂದ ಟಕ್ ಎಂದಿತು.

"ಕೈ ಬುಡಜ್ಜಿ," ಎಂದಳು ಮಗಳು. "ಇಲ್ಲೇ ಸೇರ್ಸಿ."