ಕಿವಿ ಮುಟ್ಟಿದ ಕೈ

ಯಾರ ಮಾತನ್ನೇ ಆಗಲಿ, ನಾನು ಮೊದಲಿನಿಂದ ಕೊನೆಯವರೆಗೆ ಕೇಳಿದವನಲ್ಲ. ಇದನ್ನು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ನನ್ನೊಡನೆ ಮಾತಾಡುವವರೇ ಕಡಿಮೆಯಾಗಿದ್ದಾರೆ. ಸಭೆಯಲ್ಲಿ ಭಾಷಣಕಾರರು ಸಂಸ್ಕೃತಿಯ ಅಳಿವು ಉಳಿವಿನ ಬಗ್ಗೆ ಕಳವಳಪಡುತ್ತಿರುವಾಗ ನನ್ನ ಕಣ್ಣು ಅವರ ಅಂಗಿಯ ಒಂದು ಗುಂಡಿಯ ಮೇಲೆ ನೆಟ್ಟಿರುತ್ತದೆ. ಉಳಿದವು ಬಿಳಿ, ಅದೊಂದು ಕಂದು. ಮೂಲದ ಗುಂಡಿ ಎಂದು ಬಿದ್ದಿರಬಹುದು, ಇದನ್ನು ಹೊಲಿದವರು ಯಾರಿರಬಹುದು ಎಂದು ಕಾಲನಿರ್ಣಯಕ್ಕೆ ತೊಡಗುವಷ್ಟರಲ್ಲಿ ಭಾಷಣ ಮುಗಿಯುತ್ತದೆ. ಚಪ್ಪಾಳೆ ತಟ್ಟುವವರಲ್ಲಿ ನಾನೇ ಮೊದಲಿಗ.

ಇಂಥವನು ಬದುಕಿನುದ್ದಕ್ಕೂ ಮಾಡಿದ ಕೆಲಸವೆಂದರೆ ತಾರೀಖುಗಳನ್ನು ತಾಳೆ ನೋಡುವುದು. ಶಾಸನದ ಶಕವರ್ಷಕ್ಕೆ ಸಂವತ್ಸರ ಹೊಂದುತ್ತದೆಯೇ, ತಿಥಿಗೆ ವಾರ ಕೂಡುತ್ತದೆಯೇ, ನಿಜಾಮರ ಕಾಲದ ಕಾಗದಗಳಲ್ಲಿರುವ ಫಸಲಿ ಎಂಬ ಕಂದಾಯದ ವರ್ಷವನ್ನು ಇಸವಿಗೆ ತರಲು ಐನೂರ ತೊಂಬತ್ತು ಕೂಡಿಸಬೇಕೇ, ತೊಂಬತ್ತೊಂದೇ: ಇವೇ ನನ್ನ ಸುಖದುಃಖಗಳು. ಒಂದು ತಾರೀಖನ್ನು ಮೂರು ಕಡೆ ನೋಡದೆ ನಾನು ನಂಬಿದವನಲ್ಲ.

ಈಚೆಗೆ ಎದುರು ಮನೆಯ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು: "ಅಜ್ಜಾರ, ನಮ್ಮ ಹುಡುಗಿ ಸಾಲ್ಯಾಗ ಒಂದ ಕಡೆ ಕುಂದ್ರಂಗಿಲ್ಲಂತ್ರಿ. ಲಕ್ಷ್ಯ ಇಲ್ಲಂತ ಟೀಚರ್ ಹೇಳಿ ಕಳಿಸ್ಯಾರ. ನೀವು ಭಾಳ ಓದಿದವರು, ಏನ ಮಾಡ್ಬೇಕ್ರಿ?"

ಲಕ್ಷ್ಯ ಎಂದೊಡನೆ ನನಗೆ ಕುತೂಹಲ ಕೆರಳಿತು. ನಮ್ಮ ಕಡೆ ಇದಕ್ಕೆ ಎಷ್ಟೊಂದು ಮಾತುಗಳಿವೆ! ಲಕ್ಷ್ಯ ಸಂಸ್ಕೃತದ್ದು, ಬಿಲ್ಲುಗಾರನ ಗುರಿ. ಖಬರು ಉರ್ದುವಿನ ದಾರಿಯಲ್ಲಿ ಬಂದದ್ದು. ಧ್ಯಾಸ ಎಂಬುದು ಮರಾಠಿಯ ಕಡೆಯಿಂದ ಬಂದಿರಬೇಕು. ಅಲ್ಲಿ ಅದಕ್ಕೆ ಹಂಬಲವೆಂಬ ಅರ್ಥವುಂಟು. ನಿಘಂಟು ತೆಗೆದು ಇದನ್ನೆಲ್ಲ ಖಚಿತಪಡಿಸಿಕೊಂಡು ತಲೆಯೆತ್ತಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಆಕೆ ಎಷ್ಟು ಹೊತ್ತು ಕಾದಳೋ ತಿಳಿಯದು. ಅವಳಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಎದ್ದು ಹೋಗಲಾರಿರಿ ಎಂಬ ನಂಬಿಕೆಯಿಂದ.

ಯಲಬುರ್ಗಿ ಸೀಮೆಯ ಬೇವೂರಿನಲ್ಲಿ ನನ್ನನ್ನು ಸಾಲೆಗೆ ಹಾಕಿದ್ದು ೧೯೪೦ರ ಆಚೀಚೆ. ಇದಕ್ಕಿಂತ ಹತ್ತಿರ ಹೋಗಲು ಆಧಾರ ಸಾಲದು. ಆಗ ಮಗುವಿನ ವಯಸ್ಸನ್ನು ಕಾಗದದಲ್ಲಿ ಯಾರೂ ಹುಡುಕುತ್ತಿರಲಿಲ್ಲ, ಕೈಯಲ್ಲಿ ಅಳೆಯುತ್ತಿದ್ದರು. ಬಲಗೈಯನ್ನು ನಡುನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ತುಂಬಿದೆ ಎಂದು ಲೆಕ್ಕ. ಮುಟ್ಟದಿದ್ದರೆ ಬರುವ ವರ್ಷ. ಪಂಚಾಂಗವೂ ಬೇಡ, ಪಟೇಲನೂ ಬೇಡ. ನಾನು ಕಿವಿಯನ್ನು ಮುಟ್ಟಿದ್ದಷ್ಟೇ ಅಲ್ಲ, ಹಿಡಿದು ಎಳೆದೂ ತೋರಿಸಿದೆನಂತೆ. ಮಾಸ್ತರರು ಮೆಚ್ಚಿ, "ಏನ ಛಲೋ ಅದಾನ ನಿಮ್ಮ ಹುಡುಗ!" ಎಂದರು. ಅವರು ನನ್ನನ್ನು ಹೊಗಳಿದ್ದು ಆ ವರ್ಷದಲ್ಲಿ ಅದೊಂದೇ ಸಲ.

ನಮ್ಮದು ಆಗ ನಿಜಾಮರ ಸೀಮೆ, ಸಾಲೆಯ ಪಾಠ ಉರ್ದುವಿನಲ್ಲಿ. ಮನೆಯ ಮಾತು ಕನ್ನಡ. ಉಳಿದ ಹುಡುಗರು ಎರಡನ್ನೂ ಹೇಗೋ ನಿಭಾಯಿಸುತ್ತಿದ್ದರು. ನನಗೆ ಕುಳಿತಲ್ಲಿ ಕೂಡುವುದೇ ದೊಡ್ಡ ವಿದ್ಯೆಯಾಗಿತ್ತು. ಮಗ್ಗಿಯ ರಾಗ ಆರಂಭವಾದರೆ ಎರಡು ಸಾಲಿನವರೆಗೆ ನಾನೂ ಇರುತ್ತಿದ್ದೆ. ಆಮೇಲೆ ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟುತ್ತಿದ್ದ ಕಣಜ ಬರುವುದು, ಅದರ ಹಿಂದೆ ನಾನು ಹೋಗುವುದು.

"ಏ ತಿಪ್ಪಾ, ನಿನ್ನ ಧ್ಯಾಸ ಎಲ್ಲೈತೋ?"

"ಹೊರಗೈತ್ರಿ."

ನಾನು ನಿಜವನ್ನೇ ಹೇಳಿದ್ದೆ. ಇಡೀ ಸಾಲೆ ನಕ್ಕಿತು. ಮಾಸ್ತರರು ಮಾತ್ರ ನಗಲಿಲ್ಲ. ಕೆಟ್ಟವರಲ್ಲ ಅವರು, ಕೊಪ್ಪಳದಿಂದ ಬಂದು ಊರಲ್ಲಿ ಒಬ್ಬರೇ ಅಡಿಗೆ ಮಾಡಿಕೊಂಡಿದ್ದವರು, ಬಡಿಯುವುದಕ್ಕಿಂತ ಹೆಚ್ಚಾಗಿ ಬೇಸರಪಡುತ್ತಿದ್ದವರು. ಕೊನೆಗೆ ನನ್ನನ್ನು ಸಾಲಿನಿಂದ ಎಬ್ಬಿಸಿ ಬಾಗಿಲ ಬಳಿ, ಎಲ್ಲರಿಗೂ ಬೆನ್ನು ಮಾಡಿ ಕೂಡ್ರಿಸಿದರು. ಧ್ಯಾಸ ಹೊರಗಿದ್ದವನಿಗೆ ಅದು ಶಿಕ್ಷೆಯಲ್ಲ, ಬಡ್ತಿ ಎಂದು ನೀವು ಅಂದುಕೊಳ್ಳಬಹುದು. ಹಾಗಾಗಲಿಲ್ಲ. ಬೆನ್ನ ಹಿಂದೆ ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತಿರುವಾಗ, ಆ ದನಿಯೊಳಗೆ ತನ್ನದೊಂದು ಇಲ್ಲವೆಂದು ಗೊತ್ತಾದ ಮೇಲೆ, ಕಣಜದ ಮೇಲೂ ಮನಸ್ಸು ನಿಲ್ಲುವುದಿಲ್ಲ. ಆಟದ ಬಿಡುವಿನಲ್ಲಿಯೂ ಹುಡುಗರು ನನ್ನನ್ನು ಸೇರಿಸಿಕೊಳ್ಳಲಿಲ್ಲ. "ಅವನ ಸಂಗಾಟ ಕುಂತ್ರ ನಮಗೂ ಮಂದ ಹತ್ತತೈತಿ" ಎಂದು, ಕಜ್ಜಿ ಹತ್ತುವಂತೆ, ಹೆದರುತ್ತಿದ್ದರು.

ಮಂದ. ಆ ಮಾತು ಸಾಲೆಯಿಂದ ಮನೆಗೆ ನನಗಿಂತ ಮುಂಚೆ ತಲುಪಿತು. ಅಪ್ಪ ಕಾಳುಕಡಿಯ ವ್ಯಾಪಾರಿ. ಗಂಗಾವತಿಯವರೆಗೂ ಗಾಡಿ ಕಟ್ಟುತ್ತಿದ್ದವನು. ಬುದ್ಧಿ ಚುರುಕಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಆನೆಗೊಂದಿಯ ಹೊಳೆದಂಡೆಯಿಂದ ಒಂದೆಲಗ ತಂದು ತಿನ್ನಿಸಿದ. ಬುದ್ಧಿ ಇದ್ದಲ್ಲೇ ಇತ್ತು, ಹೊಟ್ಟೆ ಚುರುಕಾಯಿತು. ತೋಳಿಗೆ ತಾಯಿತ ಬಂತು. ನಾನು ಬಾಗಿಲ ಬಳಿ ಕುಳಿತು ಅದರ ದಾರದ ಎಳೆಗಳನ್ನು ಒಂದೊಂದಾಗಿ ಬಿಚ್ಚಿದೆ. ಅದಕ್ಕೆ ಮಾತ್ರ ನನ್ನ ಲಕ್ಷ್ಯ ಪೂರ್ತಿ ಇತ್ತು. ಕಡೆಗೆ ಅಪ್ಪ ತೀರ್ಮಾನ ಹೇಳಿದ:

"ಆರ ವರ್ಷದ ಗಂಡು ಹುಡುಗ ಹತ್ತರ ತನಕ ಎಣಸಾಕ ಬರಲಾರದವ, ಅಂಗಡ್ಯಾಗ ಕುಂತು ಏನ ಮಾಡ್ಯಾನು? ನವಲಿಗೆ ಅಕ್ಕನ ಮನಿಗೆ ಬಿಟ್ಟು ಬರ್ತೀನಿ. ಎಮ್ಮಿ ಕಾಯಲಿ. ಎಮ್ಮಿಗೇನು ಮಗ್ಗಿ ಬೇಕಾಗಿಲ್ಲ."

ಒಲೆಯ ಮುಂದೆ ಕುಳಿತ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಮತ್ತೆ ಬಡಿಯತೊಡಗಿದಳು. ಅವಳ ಈ ಮೌನಕ್ಕೆ ಕಾರಣವಿತ್ತು. ನನಗಿಂತ ಮೊದಲು ಹುಟ್ಟಿದ ಅಣ್ಣ ಕೆಲವು ತಿಂಗಳಿದ್ದು ತೀರಿಹೋಗಿದ್ದ. ಹಾಗಾಗಿಯೇ ನನಗೆ ತಿಪ್ಪನೆಂಬ ಹೆಸರು. ತಿಪ್ಪೆಯ ಪಾಲಿನದೆಂದರೆ ಮೃತ್ಯು ಕೈಹಾಕುವುದಿಲ್ಲವೆಂಬ ನಂಬಿಕೆ. ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟಳೆಯಿತ್ತು. ಹಿಂದಿನ ಕೂಸು ಹೋಗಿದ್ದರೆ ಮುಂದಿನ ಕೂಸಿನ ನಿಜವಾದ ವಯಸ್ಸನ್ನು ಬಾಯಿಬಿಟ್ಟು ಹೇಳಬಾರದು. ಯಾರಾದರೂ ಕೇಳಿದರೆ ಹೋದ ಕೂಸಿನ ಹುಟ್ಟಿನಿಂದ ಎಣಿಸಿ ಹೇಳಬೇಕು. ಯಮನ ಕಡೆಯಿಂದ ಕರೆಯಲು ಬಂದವರು ಆ ವಯಸ್ಸಿನವನನ್ನು ಹುಡುಕಿ, ಸಿಗದೆ, ಬರಿಗೈಯಲ್ಲಿ ಹೋಗಲಿ ಎಂದು. ಹೀಗೆ ಅಣ್ಣನ ಎರಡು ವರ್ಷ ನನ್ನ ಮೈಮೇಲೆ ಬಂದಿತ್ತು. ಅಪ್ಪನಿಗೂ ಇದು ಗೊತ್ತಿದ್ದದ್ದೇ. ಆದರೆ ಸಂತೆಯಲ್ಲಿ, ಗಾಡಿದಾರಿಯಲ್ಲಿ ಕೇಳಿದವರಿಗೆಲ್ಲ ಹೇಳುತ್ತ ಹೇಳುತ್ತ ಅವನು ಅದನ್ನೇ ನಂಬಿಬಿಟ್ಟಿದ್ದ. ನಗಬೇಡಿ; ವಂಶಾವಳಿ ಬರೆದವರೂ ಒಂದೇ ಹೆಸರಿನ ಇಬ್ಬರು ಅರಸರನ್ನು ಒಬ್ಬನನ್ನಾಗಿಸಿ ಅವನಿಗೆ ನೂರು ವರ್ಷ ರಾಜ್ಯಭಾರ ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಅವ್ವ ಮಾತ್ರ ಮರೆತಿರಲಿಲ್ಲ. ಅವಳ ಕಾಲಗಣನೆ ಬೇರೆ. ನಾನು ಮಗ್ಗಲು ಹೊರಳಿದ ದಿನ ಹೋಳಿಗೆ ಮಾಡಿದ್ದಳು, ಹೊಸ್ತಿಲು ದಾಟಿದ ದಿನ ಹೊಸ್ತಿಲ ಮೇಲೆ ಕಡುಬು ಇಟ್ಟಿದ್ದಳು. ಆಗ ಹೊಲದಲ್ಲಿ ಬಿಳಿಜೋಳದ ತೆನೆ ಹಾಲುಗಾಳಾಗಿತ್ತು. ಕೂಸು ಯಾವಾಗ ಕತ್ತು ನಿಲ್ಲಿಸಿತು, ಯಾವಾಗ ಹೆಜ್ಜೆ ಇಟ್ಟಿತು, ಯಾವಾಗ ಕರೆದರೆ ತಿರುಗಿ ನೋಡಿತು ಎಂಬುದಕ್ಕೆ ಈಗ ತಜ್ಞರ ಬಳಿ ಕೋಷ್ಟಕಗಳಿವೆ. ಆಗ ಅದೆಲ್ಲ ಸಿಹಿ ಅಡಿಗೆಯ ಲೆಕ್ಕದಲ್ಲಿತ್ತು. ಅದನ್ನು ಬಾಯಲ್ಲಿ ಹೇಳುವಂತಿರಲಿಲ್ಲ, ಅಷ್ಟೇ.

ಗಾಡಿ ಹೊರಡುವ ದಿನ ಬೆಳಿಗ್ಗೆ ಅಪ್ಪ ಚೀಲ ಹೇರಿಸುತ್ತಿದ್ದ. ನನ್ನ ಬಟ್ಟೆಯ ಗಂಟೂ ಗಾಡಿಯಲ್ಲಿತ್ತು. ಅವ್ವ ನನಗೆ ಎಣ್ಣೆ ಹಚ್ಚಿ ತಲೆ ಬಾಚಿದವಳು ಗಾಡಿಯ ಕಡೆಗೆ ಹೋಗದೆ, ಕೈಹಿಡಿದು ಸಾಲೆಯ ಕಡೆಗೆ ನಡೆದಳು. ಹೆಂಗಸರು ಸಾಲೆಯ ಕಡೆ ಸುಳಿಯುವ ವಾಡಿಕೆ ಇರಲಿಲ್ಲ. ಬಾಗಿಲ ಹೊರಗೇ ನಿಂತು ಸೆರಗು ಎಳೆದುಕೊಂಡಳು.

"ಮಾಸ್ತರ್ರೀ, ಒಂದ ಮಾತು ಹೇಳೂದೈತ್ರಿ. ನಮ್ಮ ಹುಡುಗ ಮಂದ ಅಲ್ರಿ. ಸಣ್ಣಾವ ಅದಾನ."

"ಕಿವಿ ಮುಟ್ಯಾನಲ್ಲವಾ? ನಾನ ನೋಡೀನಿ."

"ಕಿವಿ ಮುಟ್ಟಿದ್ದು ಕೈರಿ, ವಯಸ್ಸಲ್ಲ. ನಮ್ಮ ಮಾವನ್ನ ನೀವು ನೋಡಿಲ್ಲೇನ್ರಿ? ನಿಂತಲ್ಲೇ ಮೊಣಕಾಲು ತುರಿಸ್ಕೊಂತಿದ್ರು. ಆ ಕೈ ಇವಂಗ ಬಂದಾವ."

ಹುಡುಗರು ಕಿಸಕ್ಕೆಂದರು. ಮಾಸ್ತರರು ಅವರನ್ನು ಗದರಿಸಿ, "ಹಂಗಾದ್ರ ವಯಸ್ಸೆಷ್ಟು ಹೇಳವಾ" ಎಂದರು.

ನನ್ನ ಕೈಯನ್ನು ಅವ್ವ ಹಿಡಿದಿದ್ದ ಹಿಡಿತ ಬಿಗಿಯಾದದ್ದು ನನಗೆ ನೆನಪಿದೆ. ಆಗ ಅದರ ಅರ್ಥ ನನಗೆ ತಿಳಿದಿರಲಿಲ್ಲ. ಹೇಳದಿದ್ದರೆ ಮಗ ನವಲಿಗೆ; ಹೇಳಿದರೆ ಎಲ್ಲಿಗೋ. ಅಷ್ಟರಲ್ಲಿ ಅಪ್ಪ ನಮ್ಮನ್ನು ಹುಡುಕಿಕೊಂಡು ಬಂದು ಹಿಂದೆ ನಿಂತಿದ್ದ. "ಏನ ನಡಿಸೀ ಇಲ್ಲೆ? ಎತ್ತು ಹೂಡೈತಿ" ಎಂದ.

"ನಾಕು," ಎಂದಳು ಅವ್ವ. ಅಪ್ಪನಿಗಲ್ಲ, ಮಾಸ್ತರರಿಗೂ ಅಲ್ಲ, ನೆಲಕ್ಕೆ. "ನಾಕೂ ತುಂಬಿಲ್ರಿ ಇನ್ನಾ." ಹೇಳಿದ ಕೂಡಲೇ ನನ್ನ ಮುಖದ ಸುತ್ತ ಕೈಯಾಡಿಸಿ ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು.

ಅಪ್ಪ ಮರೆತದ್ದೆಲ್ಲ ಆ ಕ್ಷಣದಲ್ಲಿ ತಿರುಗಿ ಬಂದಿರಬೇಕು. ಮಾಸ್ತರರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಅಲ್ಲವಾ, ಎದಿಹಾಲು ಬಿಟ್ಟ ಕೂಸಿಗೆ ನಾ ಉರ್ದು ಗಿಣತಿ ಹೇಳಸ್ತಾ ಕುಂತೀನೇನು! ಕರ್ಕೊಂಡ ಹೋಗು. ಮುಂದಿನ ಹಲ್ಲು ಬಿದ್ದ ಮ್ಯಾಲೆ ಕಳಿಸು. ಅಲ್ಲೀತನ ಆಡ್ಲಿ." ಅಪ್ಪನ ಕಡೆ ತಿರುಗಿ, "ಎಮ್ಮಿನೂ ಇಷ್ಟ ಸಣ್ಣಾವನ ಮಾತು ಕೇಳಂಗಿಲ್ರೀ" ಎಂದರು. ಗಾಡಿ ನನ್ನ ಗಂಟನ್ನು ಇಳಿಸಿ ಹೋಯಿತು.

ಗೆದ್ದವಳು ಅವ್ವ, ಆದರೆ ಗೆಲುವನ್ನು ಅವಳು ಉಣ್ಣಲಿಲ್ಲ. ನನಗೆ ಒಂದು ಸೀನು ಬಂದರೂ ಅವಳ ಮುಖ ಬಿಳಿಚುತ್ತಿತ್ತು. ಮೈ ಉಗುರುಬೆಚ್ಚಗಾದರೆ ಒಲೆ ಹೊತ್ತಿಸುತ್ತಿರಲಿಲ್ಲ. ನಾನೋ, ಸಾಲೆಯವನೂ ಅಲ್ಲದ, ಕೂಸೂ ಅಲ್ಲದ ಪ್ರಾಣಿಯಾಗಿ ಕಟ್ಟೆಯ ಮೇಲೆ ಉಳಿದೆ. ದೊಡ್ಡ ಹುಡುಗರು ನನ್ನನ್ನು ಬಿಟ್ಟಿದ್ದರು, ಸಣ್ಣವರನ್ನು ಅವರ ಅವ್ವಂದಿರು ನನ್ನ ಬಳಿ ಬಿಡುತ್ತಿರಲಿಲ್ಲ. ಒಬ್ಬನೇ ಆಡುವ ಆಟಗಳೆಷ್ಟು ಎಂಬ ವಿಷಯದಲ್ಲಿ ನನಗಿರುವ ಪರಿಣತಿ ಆಗಿನದು. ಈಗಲೂ ಉಪಯೋಗಕ್ಕೆ ಬರುತ್ತಿದೆ.

ಪಕ್ಕದ ಮನೆಯಲ್ಲಿ ಸೀರೆ ನೇಯುವ ಕುಣಿಮಗ್ಗವಿತ್ತು. ಹೋಗಿ, ನೇಕಾರ ಕಾಲಿಳಿಸಿ ಕೂಡುವ ಕುಣಿಯ ಅಂಚಿನಲ್ಲಿ ಕೂಡುತ್ತಿದ್ದೆ. ಮೊದಮೊದಲು ಲಾಳಿ ನಾಲ್ಕಾರು ಸಲ ಓಡಾಡುವವರೆಗೆ. ಆಮೇಲಾಮೇಲೆ ದಾರ ಕಡಿದು ನೇಕಾರ ಗಂಟು ಹಾಕುವವರೆಗೆ. ಒಂದು ದಿನ ಅವ್ವ ಊಟಕ್ಕೆ ಕೂಗಿ ಕೂಗಿ ಸೋತು, ಗಾಬರಿಯಿಂದ ಓಡಿ ಬಂದು ನೋಡಿದರೆ, ನಾನು ಅಲ್ಲೇ ಇದ್ದೆ. ಗೇಣುದ್ದದ ಸೆರಗು ನನ್ನ ಕಣ್ಣ ಮುಂದೆ ಮುಗಿದಿತ್ತು. "ಧ್ಯಾಸ ಎಲ್ಲಿತ್ತೋ ನಿನ್ನ ಹಡದವ್ವ ಕೂಗಿದ್ರ?" ಎಂದು ಬೆನ್ನಿಗೆ ಒಂದು ಬಿಟ್ಟಳು, ಬಿಟ್ಟು ಅಪ್ಪಿಕೊಂಡಳು. ಧ್ಯಾಸಕ್ಕೂ ಮಗ್ಗಲು ಹೊರಳುವುದು, ಅಂಬೆಗಾಲಿಡುವುದು, ಹೊಸ್ತಿಲು ದಾಟುವುದು ಎಂಬ ಹಂತಗಳಿರಬೇಕು. ಅದಕ್ಕೆ ಮಾತ್ರ ಯಾರೂ ಕಡುಬು ಮಾಡುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ತಡವಾಗಿ ಬರುತ್ತದೆ; ಕೆಲವರಲ್ಲಿ, ನನ್ನಂತೆ, ಬಂದರೂ ಅರ್ಧ ಹೊಸ್ತಿಲಲ್ಲೇ ನಿಲ್ಲುತ್ತದೆ. ಬರಲೆಂದು ಕತ್ತು ಹಿಡಿದು ತಿರುಗಿಸಿದರೆ ಬರುವುದು ಕತ್ತುನೋವು.

ಮುಂದಿನ ಹಲ್ಲು ಬಿತ್ತು. ಸಾಲೆಗೆ ಮರಳಿದೆ. ಮಗ್ಗಿಯ ದನಿಯೊಳಗೆ ನನ್ನದೂ ಒಂದು ಸೇರಿತು. ಆಮೇಲಿನದನ್ನು ಹೇಳಿದರೆ ನಿಮ್ಮ ಲಕ್ಷ್ಯ ಹೋದೀತು.

ಒಂದನ್ನು ಮಾತ್ರ ಹೇಳಬೇಕು. ಮೊದಲ ಸಲ ಕಿವಿ ಮುಟ್ಟಿದಾಗ ಬರೆದುಕೊಂಡ ವಯಸ್ಸನ್ನು ಯಾರೂ ತಿದ್ದಿರಲಿಲ್ಲ; ಅದೇ ಸರಕಾರದ ಲೆಕ್ಕದಲ್ಲಿ ಕಡೆಯವರೆಗೆ ನಡೆದುಬಂತು. ನಿವೃತ್ತಿ ಸಮೀಪಿಸಿದಾಗ ಗೆಳೆಯರು, ತಾಯಿಯವರ ಹೇಳಿಕೆಯೊಂದು ಸಿಕ್ಕರೆ ತಿದ್ದಿಸಿಕೊಳ್ಳಬಹುದು ಎಂದರು. ಅರಸರ ಪಟ್ಟಾಭಿಷೇಕವನ್ನೇ ತಿದ್ದಿದವನಿಗೆ ಇದೇನು ಕಷ್ಟ? ಊರಿಗೆ ಹೋಗಿ ಅವ್ವನ ಮುಂದೆ ಕುಳಿತೆ. ಅವಳಿಗೆ ಕಣ್ಣು ಮಂಜಾಗಿತ್ತು, ನೆನಪು ಮಾತ್ರ ನಿಚ್ಚಳವಾಗಿತ್ತು.

"ಒಂದ ಸಲ ಹೇಳೀನಿ," ಎಂದಳು. "ಹೇಳಿ ಎಷ್ಟ ವರ್ಷ ಹೆದರೀನಿ ನಿನಗೇನು ಗೊತ್ತು? ಮತ್ತ ಹೇಳಸಬ್ಯಾಡ. ಈಗ ದೊಡ್ಡಾವ ಆಗೀಯಲ್ಲ, ಎಷ್ಟ ಬೇಕೋ ಅಷ್ಟ ಇಟ್ಕೋ."

ನಾನು ಒತ್ತಾಯಿಸಲಿಲ್ಲ. ಎರಡು ವರ್ಷ ಮೊದಲೇ ಮನೆಗೆ ಬಂದೆ. ಬೀಳ್ಕೊಡುಗೆಯಲ್ಲಿ ಹಾರ ಹಾಕಿದವರು, ಇಷ್ಟು ಬೇಗ ವಯಸ್ಸಾಯಿತೇ ಎಂದು ಬೆರಗಾದರು. ಆದದ್ದು ನನಗಲ್ಲವೆಂದು ಹೇಗೆ ಹೇಳಲಿ? ನಿಯಮದಂತೆ ಆ ದಿನ ನಿವೃತ್ತನಾದವನು, ಮುಖವನ್ನೇ ನೋಡದ ನನ್ನ ಅಣ್ಣ. ಅವನು ತನ್ನ ಎರಡು ವರ್ಷವನ್ನು ನನ್ನ ಬಳಿ ಬಿಟ್ಟುಹೋಗಿದ್ದಾನೆ, ಮರಳಿಸಲು ವಿಳಾಸವಿಲ್ಲ. ಹೀಗಾಗಿ ಸಂಜೆ ದೀಪ ಹಚ್ಚಿ ಒಬ್ಬನೇ ಕುಳಿತಾಗ ನಾನು ಪೂರ್ತಿ ಒಬ್ಬನೆಂದು ಯಾರಾದರೂ ಬರೆದರೆ, ಅದನ್ನು ಇನ್ನೊಮ್ಮೆ ತಾಳೆ ನೋಡಿಕೊಳ್ಳಬೇಕೆಂದು ನನ್ನ ವಿನಂತಿ.