ಸೋಮವಾರದ ರಿಪೇರಿ

ಫರಸಿಗಲ್ಲಿನ ಮೇಲೆ ನಟ್ಟು ಬಿಗಿಯುವ ಪಾನಾ ಬಿದ್ದು ಟಣ್ ಎನ್ನುತ್ತಿತ್ತು. ಅದರ ಹಿಂದೆಯೇ ಕಾರಿನ ಅಡಿಯಿಂದ ನಮ್ಮವರ ದನಿ: ‘ಹೂಂ, ಮುಂದ ಓದು.’ ಎಂಬತ್ತರ ದಶಕದ ನನ್ನ ಸೋಮವಾರಗಳೆಲ್ಲ ಈ ಎರಡು ಸದ್ದುಗಳಲ್ಲೇ ಉಳಿದಿವೆ.

ಸಂಶಿಯ ಹತ್ತಿರದ ಹಳ್ಳಿ, ಮಂದಿ ತುಂಬಿದ ಮನೆ. ನಾನು ಕಾನ್ವೆಂಟಿನಲ್ಲಿ ಕಲಿತು ಬಂದ ಸೊಸೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಹೊಲದ ಕೆಲಸವಿಲ್ಲದ ಆ ದಿನ ನಮ್ಮವರು ಹಿತ್ತಲಲ್ಲಿ ಮಾವನವರ ಕಾಲದ ಕಾರು ಬಿಚ್ಚಿಕೊಂಡು ಕೂಡುತ್ತಿದ್ದರು. ಕಾರಿನ ಜೊತೆಗೆ ಬಂದಿದ್ದ ಮ್ಯಾನ್ಯುಅಲ್ ಇಂಗ್ಲಿಷಿನದು, ಅವರು ಕಲಿತದ್ದು ಕನ್ನಡ ಶಾಲೆ. ಹಾಗಾಗಿ ನನಗೆ ಬುಲಾವು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು ನಾನು ಓದಬೇಕು, ಓದಿದ್ದನ್ನು ಕನ್ನಡ ಮಾಡಿ ಹೇಳಬೇಕು. ಅವರು ಕೈ ಆಡಿಸಬೇಕು. ಎಲೊಕ್ಯೂಷನ್ನಿನಲ್ಲಿ ಪ್ರೈಜು ಗೆದ್ದ ದನಿ ಕೊನೆಗೆ ಗೇರ್ ಬಾಕ್ಸಿನ ಉಪಯೋಗಕ್ಕೆ ಬಂತು. ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಏನನ್ನುತ್ತಿದ್ದರೋ!

ಆ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ನಿಂತು ಮಾತನಾಡುವ ರೂಢಿ ಇರಲಿಲ್ಲ. ಊಟಕ್ಕೆ ಏಳಿ ಎನ್ನುವುದಕ್ಕೂ ಮನೆಯ ಮಕ್ಕಳನ್ನು ಕಳಿಸಬೇಕು. ಕೋಣೆಯಲ್ಲಿ ಪಿಸುಗುಟ್ಟಿದರೂ ಗೋಡೆಯಾಚೆ ಅತ್ತೆಯ ಕೆಮ್ಮು. ಪ್ರೈವಸಿ ಎಂಬ ಶಬ್ದವನ್ನು ನಾನು ಸ್ಪೆಲ್ಲಿಂಗ್ ಸಮೇತ ಕಲಿತಿದ್ದೆ, ಕಣ್ಣಿಂದ ಕಂಡಿರಲಿಲ್ಲ. ಅದು ಸಿಕ್ಕಿದ್ದು ಹಿತ್ತಲಲ್ಲಿ, ಸೀಮೆಎಣ್ಣೆಯ ವಾಸನೆಯಲ್ಲಿ. ಒಂದಿಷ್ಟು ಓದುವುದು, ನಡುವೆ ನಮ್ಮ ಮಾತು. ಅತ್ತೆ ಬಾಗಿಲಿಗೆ ಬಂದರೆ ನಾನು ತಟ್ಟನೆ, ‘ಡಿಸ್ಕನೆಕ್ಟ್ ದಿ ಪೆಟ್ರೋಲ್ ಪೈಪ್’ ಎಂದು ಗಟ್ಟಿಯಾಗಿ ಓದುತ್ತಿದ್ದೆ.

‘ಅದೇನ್ ಮಂತ್ರ ಓದ್ತೀಯೋ ಯವ್ವಾ, ಗಾಡಿ ಅಂತೂ ಏಳವಲ್ದು,’ ಎಂದು ಅವರು ಒಳಗೆ ಹೋಗುತ್ತಿದ್ದರು.

ಒಮ್ಮೆ ಸಂಶಿಯ ಮಿಸ್ತ್ರಿ ಜಾಕು ಕೇಳಲು ಬಂದರು. ಬಸ್ ಸ್ಟ್ಯಾಂಡಿನ ಬಾಜು ಗ್ಯಾರೇಜು ಇಟ್ಟಿದ್ದ ನಡುವಯಸ್ಸಿನ ಮನುಷ್ಯ. ಕಾರಿನಡಿಯಿಂದ ಚಾಚಿದ ಕಾಲುಗಳು, ಬಕೆಟ್ಟಿನ ಮೇಲೆ ನಾನು, ನೆಲದ ಮೇಲೆ ಪುಸ್ತಕ, ಇಬ್ಬರಿಗೂ ತಡೆಯಲಾಗದ ನಗು. ಅವರು ಗಂಟಲು ಸರಿಮಾಡಿಕೊಂಡು, ‘ಆಮ್ಯಾಲೆ ಬರ್ತೀನ್ರಿ’ ಎಂದು ಹೊರಳಿ ಹೋದರು. ಜಾಕು ಒಯ್ಯಲೇ ಇಲ್ಲ.

ಅತ್ತೆಗೆ ಮಗನ ಈ ಕೆಲಸ ಸೇರುತ್ತಿರಲಿಲ್ಲ. ‘ಸಾವ್ಕಾರ ಅನಿಸಿಕೊಂಡು ಕೈ ಮಸಿ ಮಾಡ್ಕೊಂಡು ಕುಂಡ್ರೂದು ಚಂದೇನೋ? ಮಿಸ್ತ್ರಿ ಕಡೆ ಕೊಟ್ಟು ಒಗಿ,’ ಎನ್ನುತ್ತಲೇ ಇದ್ದರು.

ಅಂಥದ್ದರಲ್ಲಿ ಒಂದು ಸೋಮವಾರ ತವರಿನ ಮದುವೆಗೆ ಅವರು ಹೊರಟರು. ಗುಡಗೇರಿ ಸ್ಟೇಶನ್ನಿಗೆ ಕಾರಿನಲ್ಲಿ ಬಿಡಬೇಕು. ದಾರಿಯಲ್ಲಿ ಕೆಟ್ಟರೆ ಓದಲು ಇರಲಿ ಎಂದು ಪುಸ್ತಕ ಹಿಡಿದು ನಾನೂ ಹತ್ತಿದೆ. ಅಂದು ಮುಂಜಾನೆಯೇ ನಮ್ಮವರು ಪೆಟ್ರೋಲ್ ಪೈಪು ಬಿಚ್ಚಿ ತೊಳೆದು ಹಾಕಿದ್ದರು. ಹಾಕುವಾಗ ನಾನು ಹಾಸ್ಟೆಲ್ಲಿನ ಗಂಜಿಯ ಕಥೆ ಹೇಳುತ್ತಿದ್ದೆ, ಅವರು ನಗುತ್ತಿದ್ದರು.

ಅರ್ಧ ದಾರಿಯಲ್ಲಿ ಪೆಟ್ರೋಲ್ ವಾಸನೆ ಬಂತು. ಎರಡೂ ಕಡೆ ಕರಿ ಎರಿಹೊಲ, ನಡುವೆ ಕಾರು ನಿಂತೇಬಿಟ್ಟಿತು. ಬದುವಿನಲ್ಲಿ ಒಬ್ಬಾತ ಎತ್ತು ಮೇಯಿಸುತ್ತಿದ್ದ. ನಮ್ಮವರು ಕಾರು ಎಳೆಸಿಕೊಡು ಎಂದರು.

‘ಇವತ್ತ ಸೋಮಾರ ಐತ್ರಿ, ಸಾವ್ಕಾರ್ರ. ನೀವ ಹೂಡಂಗಿಲ್ಲ, ನನಗ ಹೂಡು ಅಂತೀರಲ್ರಿ?’

ನಮ್ಮವರು ಸಂಶಿ ಕಡೆಗೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಹತ್ತಿರ ಮಿಸ್ತ್ರಿಗೆ ಹೇಳಿಕಳಿಸಿದರು. ರೈಲಿಗೆ ಬಹಳ ಮೊದಲೇ ಸ್ಟೇಶನ್ನಿನಲ್ಲಿ ಹೋಗಿ ಕೂಡುವ ಅತ್ತೆಯ ಅಭ್ಯಾಸ ಆ ದಿನ ನಮ್ಮನ್ನು ಉಳಿಸಿತು.

ಮಿಸ್ತ್ರಿ ಬಂದು ಬಾನೆಟ್ ಎತ್ತಿ ಪೈಪಿನ ನಟ್ಟು ಮುಟ್ಟಿದರು. ಅದು ಅವರ ಬೆರಳಲ್ಲೇ ತಿರುಗಿತು. ನಮ್ಮವರು ಕೈಯಿಂದ ತಿರುವಿ ಬಿಟ್ಟಿದ್ದರು, ಪಾನಾ ಹಚ್ಚಿ ಬಿಗಿ ಮಾಡುವುದನ್ನು ಮರೆತಿದ್ದರು. ಮಿಸ್ತ್ರಿ ತಲೆಯೆತ್ತಿ ನನ್ನನ್ನೂ ನನ್ನ ಕಂಕುಳಲ್ಲಿದ್ದ ಪುಸ್ತಕವನ್ನೂ ನೋಡಿದರು.

ಜಾಲಿ ಮರದ ನೆರಳಿನಿಂದ ಅತ್ತೆ ಕೂಗಿದರು. ‘ಸಾಕಪಾ ಇವನ ರಿಪೇರಿ! ಇನ್ನ ಮ್ಯಾಲೆ ಗಾಡಿ ನಿಂದ ನೋಡು, ಮಿಸ್ತ್ರಿ. ವಾರಕ್ಕೊಮ್ಮಿ ಒಯ್ದು ನೀನ ಮಾಡು. ಇವನ ಕೈಯಾಗ ಕೊಡೂದ ಬ್ಯಾಡ.’

ಮುಗಿಯಿತು ನಮ್ಮ ಸೋಮವಾರ ಅಂದುಕೊಂಡೆ. ಅತ್ತೆಯ ಮಾತನ್ನು ಆ ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ನಮ್ಮವರು ತಮ್ಮ ಮಸಿ ಹಿಡಿದ ಕೈ ನೋಡಿಕೊಳ್ಳುತ್ತ ನಿಂತಿದ್ದರು.

ಮಿಸ್ತ್ರಿ ನಟ್ಟು ಬಿಗಿ ಮಾಡಿ, ನಿಧಾನವಾಗಿ ಕೈ ಒರೆಸಿಕೊಂಡರು. ‘ನನ್ನ ಕೈಲೆ ಆಗೂದಲ್ರಿ, ಅವ್ವಾರ. ಇದು ಪುಸ್ತಕ ನೋಡಿ ಮಾಡೂ ಗಾಡಿ. ನನಗ ಇಂಗ್ಲಿಷ್ ಬರೂದಿಲ್ಲ. ಓದಿ ಹೇಳಾಕ ನನ್ನ ಮನ್ಯಾಕಿಗೆ ಮದಲ ಬರೂದಿಲ್ಲ.’

‘ಹಂಗಾರ ಏನ್ ಮಾಡೂದೋ?’

‘ಇವರ ಮಾಡ್ಲಿ. ಸೋಮಾರಕ್ಕೊಮ್ಮಿ ಬಿಚ್ಚಬೇಕು, ತಂಗಿ ಬಾಜು ಕುಂತು ಓದಬೇಕು. ತಪ್ಪಿಸಿದ್ರ ಎಂಜಿನ್ ಹೋಗತೈತಿ ನೋಡ್ರಿ.’

ಅತ್ತೆ ಗಾಬರಿಯಾಗಿ ನನ್ನ ಕಡೆ ತಿರುಗಿದರು. ‘ಕೇಳಿದೇನ? ತಪ್ಪಿಸಬ್ಯಾಡ ಮತ್ತ!’

ಮಿಸ್ತ್ರಿ ಬಾನೆಟ್ ಇಳಿಸುತ್ತ ನಮ್ಮವರಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: ‘ನಗೂದು ಮುಗದ ಮ್ಯಾಲೆ ಒಮ್ಮಿ ಪಾನಾ ಹಚ್ರಿ, ಸಾವ್ಕಾರ್ರ.’

ಅತ್ತೆಗೆ ರೈಲು ಸಿಕ್ಕಿತು. ನಮಗೆ ಇನ್ನೂ ಕೆಲವು ವರ್ಷಗಳ ಸೋಮವಾರಗಳು ಸಿಕ್ಕವು.

ಆ ದಶಕ ಮುಗಿಯುವ ಹೊತ್ತಿಗೆ ಅಣ್ಣತಮ್ಮಂದಿರು ಬೇರೆಯಾದರು. ನಾವು ಅಣ್ಣಿಗೇರಿಯಲ್ಲಿ ಮನೆ ಮಾಡಿ ಹೊಸ ಕಾರು ಕೊಂಡೆವು. ಅದು ಕೆಟ್ಟರೆ ಗ್ಯಾರೇಜಿನವರೇ ಬಂದು ಒಯ್ಯುತ್ತಿದ್ದರು, ನಾವು ಕೈ ಹಚ್ಚುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಕೆಮ್ಮುವವರೂ ಯಾರಿರಲಿಲ್ಲ. ಇಡೀ ಮನೆ ನಮ್ಮದೇ, ಎಲ್ಲಿ ಬೇಕಾದರೂ ಕುಳಿತು ಮಾತಾಡಬಹುದಿತ್ತು. ಅವರು ಪೇಪರ್ ಓದುತ್ತಿದ್ದರು, ನಾನು ಹೆಣಿಗೆ ಹಾಕುತ್ತಿದ್ದೆ. ಫನ್ನಿ, ಅಲ್ಲವೇ?

ಹಳೆಯ ಕಾರನ್ನು ಕೊಂಡದ್ದು ಮಿಸ್ತ್ರಿಯೇ; ಅವರು ಒಯ್ಯಲು ಬಂದ ದಿನ ನಾವೂ ಹಳ್ಳಿಯ ಮನೆಗೆ ಹೋಗಿದ್ದೆವು. ನಾನು ಸೆರಗಿನಿಂದ ಒರೆಸಿ ಮ್ಯಾನ್ಯುಅಲ್ ಮುಂದೆ ಹಿಡಿದೆ.

‘ಪುಸ್ತಕ ಯಾಕ್ರಿ, ತಂಗಿ? ಈ ಗಾಡಿ ನಾ ಕಣ್ಣು ಮುಚ್ಚಿ ಬಿಚ್ಚಿ ಜೋಡಸ್ತೀನಿ.’

ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಅತ್ತೆಯ ಕೈ ನಿಂತಿತು. ‘ಅವತ್ತ ಬರೂದಿಲ್ಲ ಅಂದಿದ್ಯಲ್ಲೋ, ಮಿಸ್ತ್ರಿ?’

‘ಅವತ್ತ ಬರ್ತಿರ್ಲಿಲ್ರಿ, ಅವ್ವಾರ,’ ಎಂದವರೇ ಕಾರು ಚಾಲೂ ಮಾಡಿದರು. ಅತ್ತೆ ನನ್ನ ಮುಖ ನೋಡಿ, ಮತ್ತೆ ಅಡಿಕೆಗೆ ಕೈ ಹಾಕಿದರು. ಕಾರು ಒಂದೇ ಏಟಿಗೆ ಎದ್ದು, ಊರ ಅಗಸಿ ಬಾಗಿಲು ದಾಟಿ, ಸಂಶಿಯ ರಸ್ತೆಗೆ ಹೊರಳಿತು. ಕಿಟಕಿಯ ಹೊರಗಿಟ್ಟ ಮಿಸ್ತ್ರಿಯ ಮೊಣಕೈ ಮಾತ್ರ ಸ್ವಲ್ಪ ಹೊತ್ತು ಕಾಣುತ್ತಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.